ಮಧ್ಯಾಹ್ನ ಕಡಿಯುವ ಲೈನು

ನನ್ನ ಗಂಡನಿಗೆ ಮಾತು ವಾಪಸು ಬರುತ್ತದೋ ಇಲ್ಲವೋ ಅನ್ನುವುದು ಕೆಲವು ತಿಂಗಳು ಇಂಟರ್ನೆಟ್ಟಿನ ಡಬ್ಬದ ಮೇಲೆ ನಿಂತಿತ್ತು. ಹೀಗೆ ಹೇಳಿದರೆ ಜನ ನಗುತ್ತಾರೆ. ನಗಲಿ, ಅವರ ಗಂಟೇನು ಹೋಗುತ್ತದೆ. ಆ ದಿನಗಳಲ್ಲಿ ನಾನು ದೇವರ ಗೂಡಿನ ಮುಂದೆ ಕೂತದ್ದಕ್ಕಿಂತ ಆ ಡಬ್ಬದ ಮುಂದೆ ಕೂತದ್ದೇ ಹೆಚ್ಚು. ಹಸಿರು ದೀಪ ನೋಡಿ ಕೈಮುಗಿಯುತ್ತಿದ್ದೆ. ದೀಪ ಹತ್ತಿಕೊಂಡೇ ಇದ್ದು ಕೈಕೊಟ್ಟಾಗ ಹಿಡಿಶಾಪ ಹಾಕುತ್ತಿದ್ದೆ.

ನಮ್ಮ ಮನೆ ಚೆನ್ನೈಯ ರಾಯಪುರಂನಲ್ಲಿ, ಬಂದರಿನ ಗೋಡೆಗೆ ಹತ್ತಿರದ ಓಣಿಯೊಂದರಲ್ಲಿ. ಕೆಳಗೆ ಅಂಗಡಿ, ಮೇಲೆ ಮನೆ. ನಮ್ಮ ಮಾವನವರು ತುಮಕೂರು ಕಡೆಯಿಂದ ಬಂದು ಇಲ್ಲಿ ಹಗ್ಗ, ಟಾರ್ಪಾಲು, ಬಲೆಯ ದಾರ ಮಾರುವ ಅಂಗಡಿ ಇಟ್ಟವರು. ಗಿರಾಕಿಗಳೆಲ್ಲ ಮೀನು ಹಿಡಿಯುವವರು, ಮಾವನವರೋ ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚದೆ ಗಲ್ಲಾದ ಮೇಲೆ ಕೂತವರಲ್ಲ. ಆದರೂ ಇಬ್ಬರಿಗೂ ಒಬ್ಬರನ್ನು ಬಿಟ್ಟು ಒಬ್ಬರಿಗೆ ಆಗುತ್ತಿರಲಿಲ್ಲ. ಮಾವನವರಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವರು ನನ್ನ ಗಂಡ, ಬಂದರಿನಲ್ಲಿ ಎಲೆಕ್ಟ್ರಿಕಲ್ ಕೆಲಸದಲ್ಲಿದ್ದು ನಿವೃತ್ತರಾದವರು. ಚಿಕ್ಕವನು ನನ್ನ ಮೈದುನ, ಅಂಗಡಿ ನೋಡಿಕೊಂಡವನು.

ಮಾವನವರು ಹೋದ ಮೇಲೆ ಭಾಗವಾಯಿತು. ಊರಿನಿಂದ ಹಿರಿಯರಿಬ್ಬರು ಬಂದು ಕೂತು, ಅಂಗಡಿ ತಮ್ಮನಿಗೆ, ಮಹಡಿ ಅಣ್ಣನಿಗೆ ಅಂದರು. ಹಂಡೆ, ಕೊಳಗ, ನೀರಿನ ಮೋಟಾರು, ಕರೆಂಟಿನ ಮೀಟರು ಎಲ್ಲವೂ ಬೇರೆ ಬೇರೆ ಆದವು. ಮೆಟ್ಟಿಲು ಮಾತ್ರ ಇಬ್ಬರಿಗೂ ಸೇರಿದ್ದು ಅಂದರು. ಸೇರಿದ್ದು ಅಂದರೆ ಜಗಳಕ್ಕೆ ಬಿಟ್ಟದ್ದು ಅಂತಲೇ ಅರ್ಥ. ಮೈದುನ ಮೆಟ್ಟಿಲ ಬುಡದಲ್ಲಿ ಹಗ್ಗದ ಸುರುಳಿಗಳನ್ನು ಪೇರಿಸತೊಡಗಿದ. ಒಂದು ದಿನ ಇವರು ತೆಗಿ ಅಂದರು, ಅವನು ಎಲ್ಲಿಡಲಿ ಅಂದ, ಮಾತಿಗೆ ಮಾತು ಬೆಳೆಯಿತು. ಅವತ್ತಿನಿಂದ ಅಣ್ಣತಮ್ಮಂದಿರ ನಡುವೆ ಮಾತು ನಿಂತುಹೋಯಿತು. ಮೈದುನ ಸಂಸಾರ ಸಮೇತ ವಣ್ಣಾರಪೇಟೆಯಲ್ಲಿ ಬಾಡಿಗೆ ಮನೆಯಲ್ಲಿದ್ದ, ಬೆಳಗ್ಗೆ ಬಂದು ಅಂಗಡಿ ತೆಗೆಯುತ್ತಿದ್ದ, ಹೋಗುತ್ತಿದ್ದ. ನಾವು ಮೇಲೆ, ಅವನು ಕೆಳಗೆ.

ಲಕ್ವ ಹೊಡೆದ ದಿನ ಇವರನ್ನು ಆಂಬುಲೆನ್ಸಿನವರು ಕುರ್ಚಿಯಲ್ಲಿ ಕೂರಿಸಿ ಇಳಿಸಬೇಕಾಯಿತು. ಕೆಳಗೆ ಬಂದರೆ ಆ ಹಗ್ಗದ ಸುರುಳಿಗಳು. ಕುರ್ಚಿ ಹೊರಳುವುದಿಲ್ಲ. ಒಬ್ಬ ಹಿಡಿದುಕೊಂಡು ನಿಂತ, ಇನ್ನೊಬ್ಬ ಸುರುಳಿಗಳನ್ನು ಒಂದೊಂದಾಗಿ ರಸ್ತೆಗೆ ಎಳೆದ. ಎಷ್ಟು ಹೊತ್ತಾಯಿತೋ ನಾನರಿಯೆ, ನನಗದು ಮುಗಿಯಲೇ ಇಲ್ಲ. ಆಮೇಲೆ ಮೈದುನ ಆಸ್ಪತ್ರೆಗೆ ಬಂದು ವಾರ್ಡಿನ ಹೊರಗೆ ನಿಂತಿದ್ದ. ನಾನು ಮುಖ ತಿರುಗಿಸಿಕೊಂಡೆ. ಮಾರನೆಯ ದಿನದಿಂದ ಮೆಟ್ಟಿಲ ಬುಡದಲ್ಲಿ ಹಗ್ಗ ಇರಲಿಲ್ಲ, ಆದರೆ ನನ್ನ ಎದೆಯೊಳಗಿನದು ಹಾಗೇ ಇತ್ತು.

ಬಲಗೈ, ಬಲಗಾಲು ಹೋದವು. ಮಾತೂ ಹೋಗಿದೆ ಅನ್ನುವುದು ಒಂದೆರಡು ದಿನವಾದ ಮೇಲೆ ಗೊತ್ತಾಯಿತು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹೆಣ್ಣುಮಗಳು ತಮಿಳಿನಲ್ಲಿ ಕೇಳಿದಳು, ಇವರು ಅವಳ ಬಾಯನ್ನೇ ನೋಡಿದರು. ಇಂಗ್ಲಿಷಿನಲ್ಲಿ ಕೇಳಿದಳು, ಅದಕ್ಕೂ ಹಾಗೇ. ಹುಟ್ಟಿ ಬೆಳೆದದ್ದು ಈ ಊರಿನಲ್ಲಿ, ಬಂದರಿನಲ್ಲಿ ಜನ್ಮವೆಲ್ಲ ತಮಿಳಿನಲ್ಲೇ ಬೈದು ಬೈಸಿಕೊಂಡವರು. ಆ ತಮಿಳು ಪೂರ್ತಿ ಅಳಿಸಿಹೋಗಿತ್ತು. ನಾನು ಪಕ್ಕದಿಂದ "ನೀರು ಬೇಕಾ?" ಅಂದೆ. ಥಟ್ಟನೆ ನನ್ನ ಕಡೆ ತಿರುಗಿ "ಬೇಡ" ಅಂದರು. ಆ ಹೆಣ್ಣುಮಗಳು ಪೆನ್ನು ಕೆಳಗಿಟ್ಟು, ಇವರಿಗೆ ಉಳಿದಿರುವುದು ಮನೆಯ ಭಾಷೆಯೊಂದೇ, ಕನ್ನಡದಲ್ಲೇ ಕಲಿಸುವವರನ್ನು ಹುಡುಕಿ, ಬೇಗ ಹುಡುಕಿ, ಮೊದಲ ತಿಂಗಳುಗಳಲ್ಲಿ ಬಂದಷ್ಟು ಬಂತು, ಆಮೇಲೆ ಕಷ್ಟ ಅಂದಳು.

ಚೆನ್ನೈಯಲ್ಲಿ ಎಲ್ಲಿ ಹುಡುಕಲಿ? ವಿಚಾರಿಸದ ಜಾಗವಿಲ್ಲ. ಕೊನೆಗೆ ಮೈಸೂರಿನಲ್ಲಿ ಒಬ್ಬಳು ಸಿಕ್ಕಳು. ಇನ್ನೂ ಚಿಕ್ಕ ಹುಡುಗಿ, ದನಿಯಲ್ಲಿ ಅವಸರವಿಲ್ಲ. ವೀಡಿಯೊದಲ್ಲಿ ಕಲಿಸುತ್ತೇನೆ, ಸೋಮವಾರ, ಬುಧವಾರ, ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಒಂದು ಜಾಗ ಖಾಲಿ ಇದೆ ಅಂದಳು. ಅವಳು ಒಂದು ಚಿತ್ರ ತೋರಿಸಬೇಕು, ಇವರು ಅದರ ಹೆಸರು ಹೇಳಬೇಕು. ಅವಳ ಬಾಯಿಯ ಆಕಾರ ಇವರಿಗೆ ಕಾಣಬೇಕು. ಇಷ್ಟೇ ಪಾಠ. ಇವರಿಗೆ ಆಗ ಉಳಿದಿದ್ದ ಮಾತುಗಳು ಬೇಡ, ಅಯ್ಯೋ, ಅದು. ಇಷ್ಟರಲ್ಲೇ ಒಬ್ಬ ಮನುಷ್ಯ ದಿನ ದೂಡಬೇಕಿತ್ತು.

ಮೊದಲನೆಯ ದಿನವೇ ಲೈನು ಕೈಕೊಟ್ಟಿತು. ಹುಡುಗಿ ಒಂದು ಚಿತ್ರ ಎತ್ತಿದಳು, ಇವರು ನೋಡಿದರು, "ಸರ್ ಫ್ರೀಜ್ ಆಗಿದಾರೆ ಮೇಡಂ, ಒಂದ್ಸಲ ಕಟ್ ಮಾಡಿ ಮಾಡಿ" ಅಂದಳು. ಕಟ್ ಮಾಡಿ ಮತ್ತೆ ಮಾಡಿದೆ. ಮತ್ತೊಂದು ಚಿತ್ರ, ಮತ್ತೆ ಅದೇ ಮಾತು. ಸ್ವಲ್ಪ ಹೊತ್ತಿಗೆ ಅವಳ ಮುಖವೇ ಬಾಯಿ ತೆರೆದಂತೆ ನಿಂತುಬಿಟ್ಟಿತು, ಆಮೇಲೆ ಏನು ಮಾಡಿದರೂ ಬರಲಿಲ್ಲ. ಹೊಸದರಲ್ಲಿ ಹೀಗೇ ಅಂದುಕೊಂಡೆ. ಎರಡನೆಯ ಸಲವೂ ಹೀಗೇ ಆಯಿತು. ಮೂರನೆಯ ಸಲ ಇವರು ಎಡಗೈಯಿಂದ ಮೇಜು ಕುಟ್ಟಿ, "ಅದು, ಅದು, ಅದು" ಅಂದು ಅತ್ತುಬಿಟ್ಟರು.

ನಮ್ಮನೆಯ ಇಂಟರ್ನೆಟ್ಟು, ವೈರು, ಸ್ವಿಚ್ಚು ಎಲ್ಲ ಇವರೇ ಹಾಕಿದ್ದು. ಯಾವುದು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಅಂತ ಬಲ್ಲವರು ಇವರೊಬ್ಬರೇ. ನಾನು ಯಾವತ್ತೂ ಆ ಕಡೆ ತಲೆ ಹಾಕಿದವಳಲ್ಲ, ಏನಾದರೂ ಕೆಟ್ಟರೆ "ರೀ, ನೋಡ್ರಿ" ಅನ್ನುವುದಷ್ಟೇ ನನ್ನ ಕೆಲಸವಾಗಿತ್ತು. ಈಗ ಎಲ್ಲ ತಿಳಿದ ಮನುಷ್ಯ ಎದುರಿಗೇ ಕೂತಿದ್ದಾರೆ, ಬಾಯಿಲ್ಲ. ಕೇಳಿದರೆ ಎಡಗೈ ಚಾಚಿ ನೆಲ ತೋರಿಸುತ್ತಾರೆ. ಚಪ್ಪಲಿ ಬೇಕಾ ಅಂದೆ. ಬೇಡ. ಕೆಳಗೇನಾದರೂ ಬಿತ್ತಾ ಅಂತ ಮೇಜಿನ ಅಡಿ ಹುಡುಕಿದೆ. ಬೇಡ, ಬೇಡ. ಬಚ್ಚಲಿಗೆ ಕರೆದುಕೊಂಡು ಹೋದೆ, ಅಲ್ಲಿ ನಿಂತು ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ.

ರಿಪೇರಿಯವನನ್ನು ಕರೆಸಿದೆ. ಬೆಳಗ್ಗೆ ಹನ್ನೊಂದಕ್ಕೆ ಬಂದ. ಡಬ್ಬ ನೋಡಿದ, ಕಂಪ್ಯೂಟರಿನಲ್ಲಿ ಅದೇನೋ ಮುಳ್ಳು ತಿರುಗಿಸಿ ತೋರಿಸಿದ. "ಎಲ್ಲಾಂ ಕರೆಕ್ಟಾ ಇರುಕು ಮೇಡಂ, ಸ್ಪೀಡ್ ಪಾರುಂಗ" ಅಂದ. ನೋಡಿದೆ, ಸರಿಯಾಗಿಯೇ ಇತ್ತು. ಹೋದ. ಒಂದು ಗಂಟೆಗೆ ಪಾಠ ಶುರುವಾಯಿತು, ಸ್ವಲ್ಪ ಹೊತ್ತಿಗೆ ಸತ್ತಿತು. ಫೋನ್ ಮಾಡಿ ಬೈದೆ. ಮತ್ತೆ ಬಂದ, ಮತ್ತೆ ಬೆಳಗ್ಗೆಯೇ ಬಂದ, ಮತ್ತೆ ಎಲ್ಲಾಂ ಕರೆಕ್ಟು. ಮಧ್ಯಾಹ್ನ ಬಾರಪ್ಪ ಅಂದರೆ ಮಧ್ಯಾಹ್ನ ಊಟದ ಹೊತ್ತು ಅನ್ನುತ್ತಾನೆ. ಅವನ ಊಟ ಅವನಿಗೆ, ನನ್ನ ಗೋಳು ನನಗೆ.

ಮಗಳು ಶೋಳಿಂಗನಲ್ಲೂರಿನಲ್ಲಿ ಕೆಲಸ ಮಾಡುತ್ತಾಳೆ, ಆಫೀಸಿನ ಹತ್ತಿರವೇ ಗೆಳತಿಯರ ಜೊತೆ ಇರುತ್ತಾಳೆ. ಕಂಪ್ಯೂಟರ್ ಕಂಪನಿಯಲ್ಲಿದ್ದಾಳಲ್ಲ, ಅವಳಿಗೆ ತಿಳಿಯದೇ ಅಂದುಕೊಂಡು ಫೋನ್ ಮಾಡಿದೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುವವಳು, ಚಿಕ್ಕಂದಿನಿಂದ ಹಾಗೇ.

"ಅಮ್ಮಾ, ರೀಸ್ಟಾರ್ಟ್ ಪಣ್ಣಿಯಾ?"

"ಮಾಡಿದೆ."

"ಫೋನ್‌ಲ ನೆಟ್ ವರುದಾ?"

ಫೋನಿನಲ್ಲಿ ನೋಡಿದೆ, ಬರುತ್ತಿತ್ತು. ಅದೇ ಹೊತ್ತಿನಲ್ಲಿ, ಅದೇ ಮನೆಯ ವೈಫೈಯಲ್ಲಿ, ಫೋನಿಗೆ ಬರುತ್ತಿತ್ತು, ಕಂಪ್ಯೂಟರಿಗೆ ಇಲ್ಲ. ಹಾಗಾದರೆ ಕಂಪ್ಯೂಟರ್ ಕೆಟ್ಟಿದೆ ಅಂದಳು. ಫೋನಿನಲ್ಲೇ ಪಾಠ ಮಾಡೋಣ ಅಂತ ನೋಡಿದೆವು. ಇವರಿಗೆ ಬಲಗಡೆಯ ದೃಷ್ಟಿ ಮಸುಕು, ಆ ಅಂಗೈಯಗಲದ ಪರದೆಯಲ್ಲಿ ಹುಡುಗಿಯ ತುಟಿ ಎಲ್ಲಿ ಕಾಣಬೇಕು. ಇವರು ಫೋನನ್ನು ದೂರ ತಳ್ಳಿದರು.

ಕಂಪ್ಯೂಟರನ್ನು ಆಟೊದಲ್ಲಿ ಮಡಿಲಲ್ಲಿಟ್ಟುಕೊಂಡು ಎಗ್ಮೋರಿನ ಒಂದು ರಿಪೇರಿ ಅಂಗಡಿಗೆ ಹೋದೆ. ಅಲ್ಲಿಯವನು ತನ್ನ ವೈಫೈಗೆ ಸೇರಿಸಿ, ಒಂದು ಸಿನಿಮಾ ಹಾಡು ಹಾಕಿ ತೋರಿಸಿದ. ಕಲ್ಲಿನ ಹಾಗಿದೆ ಮೇಡಂ, ಇದಕ್ಕೇನೂ ಆಗಿಲ್ಲ, ವೈಫೈ ನಂಬಬೇಡಿ, ವೈರು ಹಾಕಿಯೇ ಬಳಸಿ ಅಂದ. ವೈರು ಆಗಲೇ ಹಾಕಿತ್ತು. ನಮ್ಮ ಮೇಜಿನ ಹಿಂದಿನ ಗೋಡೆಯಿಂದ ಒಂದು ನೀಲಿ ವೈರು ಬಂದು ಕಂಪ್ಯೂಟರಿಗೆ ಸೇರುತ್ತಿತ್ತು, ಇವರೇ ಹಾಕಿದ್ದು. ಮನೆಗೆ ಬಂದು ಅದನ್ನು ಇನ್ನೂ ಗಟ್ಟಿಯಾಗಿ ಒತ್ತಿ ಸೇರಿಸಿದೆ. ಎಲ್ಲರೂ ವೈರೇ ನಂಬಿಕೆ ಅಂದಾಗ ನಾನು ವೈರನ್ನೇ ನಂಬಿದೆ. ಅಟ್ಟದ ಮೇಲೆ ಅದರದ್ದೊಂದು ಚಿಕ್ಕ ಪೆಟ್ಟಿಗೆ ಇತ್ತು, ಅದರ ದೀಪವೂ ಸದಾ ಮಿನುಗುತ್ತಿತ್ತು.

ದುಡ್ಡು ಕೊಟ್ಟು ಹೊಸ ಡಬ್ಬ ಹಾಕಿಸಿದೆ. ಡಬ್ಬವನ್ನು ಗೋಡೆಯ ಮೇಲಿನಿಂದ ಮೇಜಿನ ಪಕ್ಕಕ್ಕೆ ತಂದೆ. ಯಾರೋ ನೆಲಕ್ಕೆ ತಾಗಿಸಬೇಡಿ ಅಂದರು, ಮಣೆಯ ಮೇಲೆ ಇಟ್ಟೆ. ಇನ್ಯಾರೋ ಕಬ್ಬಿಣದ ಬೀರು ಅಡ್ಡ ಇದ್ದರೆ ಬರುವುದಿಲ್ಲ ಅಂದರು, ಪಕ್ಕದ ಮನೆಯವರನ್ನು ಕರೆದು ಬೀರು ಸರಿಸಿದೆ. ಒಂದು ದಿನ ಡಬ್ಬಕ್ಕೆ ವಿಭೂತಿಯೂ ಹಚ್ಚಿದ್ದೇನೆ, ಸುಳ್ಳೇಕೆ ಹೇಳಲಿ. ಪಾಠವಿದ್ದ ಪ್ರತಿ ಮಧ್ಯಾಹ್ನ ಅದೇ ಕಥೆ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅಂತಾರೆ, ನಾನು ಹಿಡಿದ ಹುಲ್ಲುಕಡ್ಡಿಗಳಿಗೆ ಲೆಕ್ಕವಿಲ್ಲ.

ಬೆಳಗಿನ ಹೊತ್ತು ಇವರು ಲಿಂಗಪೂಜೆಗೆ ಕೂರುತ್ತಿದ್ದರು. ಲಿಂಗ ಹಿಡಿಯುವುದು ಎಡ ಅಂಗೈಯಲ್ಲಿ, ಆ ಕೈ ಉಳಿದಿತ್ತು. ಪತ್ರೆ ಏರಿಸುವುದು ಬಲಗೈ, ಅದು ಇರಲಿಲ್ಲ. ಇವರು ಅಂಗೈ ಒಡ್ಡಿ ಕೂರುವರು, ನಾನು ಎದುರು ಕೂತು ಪತ್ರೆ ಏರಿಸುವೆ. ಮಂತ್ರ ಮಾತ್ರ ಇವರೇ ಹೇಳಬೇಕಿತ್ತು. ತುಟಿ ಅಲ್ಲಾಡುತ್ತಿತ್ತು, ದನಿ ಬರುತ್ತಿರಲಿಲ್ಲ. ಆ ಮೌನ ನೋಡಲಾರದೆ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಒಂದು ಸೋಮವಾರ ಪಾಠ ಕಡಿದ ಮೇಲೆ ಮೈಸೂರಿನ ಹುಡುಗಿ ಫೋನ್ ಮಾಡಿದಳು.

"ಮೇಡಂ, ಬೇಜಾರು ಮಾಡ್ಕೋಬೇಡಿ. ಇಷ್ಟು ದಿನ ಆಯ್ತು, ಸರ್‌ಗೆ ಎಷ್ಟು ಬರತ್ತೆ ಎಷ್ಟು ಬರಲ್ಲ ಅಂತಾನೇ ನನಗೆ ಇನ್ನೂ ಗೊತ್ತಾಗ್ತಿಲ್ಲ. ಕ್ಯೂನಲ್ಲಿ ತುಂಬ ಜನ ಇದಾರೆ. ಈ ವಾರಾನೂ ಹೀಗೇ ಆದ್ರೆ ಈ ಟೈಮ್ ಬೇರೆಯವರಿಗೆ ಕೊಡಬೇಕಾಗತ್ತೆ, ಮೇಲಿನವರು ಕೇಳ್ತಾರೆ."

"ಆಮೇಲೆ ಇವರಿಗೆ?"

"ಆಮೇಲೆ ಜಾಗ ಖಾಲಿ ಆದಾಗ ಹೇಳ್ತೀನಿ ಮೇಡಂ."

ಖಾಲಿ ಆಗುವ ಹೊತ್ತಿಗೆ ಆ ಮೊದಲ ತಿಂಗಳುಗಳು ಮುಗಿದಿರುತ್ತವೆ. ಅವಳ ತಪ್ಪೇನಿಲ್ಲ. ನಾನು ಫೋನು ಇಟ್ಟು ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ. ಇವರಿಗೆ ಕೇಳಿಸಬಾರದು ಅಂತ ನಲ್ಲಿ ಬಿಟ್ಟದ್ದು. ನನಗೆ ಅವತ್ತು ಬೇಕಾಗಿದ್ದುದು ದೊಡ್ಡದೇನಲ್ಲ. ಈ ಮನುಷ್ಯ ನನ್ನ ಅಡುಗೆಗೆ ಉಪ್ಪು ಜಾಸ್ತಿ ಅಂದರೆ ಸಾಕಿತ್ತು, ನನ್ನನ್ನು ಬೈದರೆ ಸಾಕಿತ್ತು.

ಆ ವಾರದ ಬುಧವಾರ. ಇವರಿಗೆ ಬಿಳಿ ಅಂಗಿ ತೊಡಿಸಿ, ತಲೆ ಬಾಚಿ, ಮೇಜಿನ ಮುಂದೆ ಕೂರಿಸಿದ್ದೆ. ಹುಡುಗಿ ಬಂದಳು. ಒಂದೆರಡು ಸಲ ಫ್ರೀಜ್ ಆಯಿತು ಅಂದಳು, ಕಟ್ ಮಾಡಿ ಮಾಡಿದೆ. ಆಮೇಲೆ ಅವಳು "ಸರ್, ನನ್ನ ಬಾಯಿ ನೋಡಿ, ಮ, ಮರ" ಅನ್ನುತ್ತಿದ್ದಳು. ಆಗ ಕೆಳಗಿನಿಂದ ಅಂಗಡಿಯ ಶಟರ್ ಎಳೆದ ಸದ್ದು ಬಂತು, ಕಟಕಟ ಅಂತ ಪೂರ್ತಿ ಇಳಿಯುವವರೆಗೆ. ಅದು ನಿಂತಿತು, ಹುಡುಗಿಯ ಬಾಯಿಯೂ ನಿಂತಿತು. ಇವರು ಎಡಗೈ ಎತ್ತಿ ನೆಲ ತೋರಿಸಿದರು. ನಾನು ನೆಲ ನೋಡಿದೆ, ಇವರ ಮುಖ ನೋಡಿದೆ. ಮೈಯೆಲ್ಲ ಉರಿದುಹೋಯಿತು.

ದಿನಾ ಇದೇ ಹೊತ್ತಿಗೆ ಅವನು ಅಂಗಡಿ ಮುಚ್ಚಿ ಊಟಕ್ಕೆ ಹೋಗುತ್ತಾನೆ. ದಿನಾ ಇದೇ ಹೊತ್ತಿಗೆ ನಮ್ಮ ಲೈನು ಸಾಯುತ್ತದೆ. ಭಾನುವಾರ ಅಂಗಡಿಗೆ ರಜಾ, ಭಾನುವಾರ ಪೂರ್ತಿ ಕಂಪ್ಯೂಟರಿಗೆ ನೆಟ್ ಇರುವುದಿಲ್ಲ. ಇದುವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲವಲ್ಲ. ಮೆಟ್ಟಿಲು ಹೋಯಿತು ಅಂತ ಹೊಟ್ಟೆಕಿಚ್ಚಿಗೆ ಅಣ್ಣನ ಲೈನು ಕತ್ತರಿಸುತ್ತಿದ್ದಾನೆ, ಇದೇ ನನಗೆ ಹೊಳೆದದ್ದು. ಕಾಲಿಗೆ ಚಪ್ಪಲಿ ಹಾಕದೆ ಇಳಿದೆ. ಅವನು ಸ್ಕೂಟರ್ ಒದೆಯುತ್ತಿದ್ದ.

"ನಿಲ್ಲಿಸೋ ಗಾಡಿ," ಅಂದೆ. ಅವನು ಕಕ್ಕಾಬಿಕ್ಕಿಯಾದ. ಎರಡು ವರ್ಷದಿಂದ ಅವನ ಜೊತೆ ನಾನಾಡಿದ ಮೊದಲ ಮಾತು ಅದು.

"ಏನಾಯ್ತು ಅತ್ತಿಗೆ? ಅಣ್ಣಂಗೆ ಏನಾಯ್ತು?"

"ಏನಾಯ್ತಾ? ನಿಮ್ಮಣ್ಣಂಗೆ ಬಾಯಿ ಬರಬಾರದು ಅಂತಾನೇ ದಿನಾ ಲೈನ್ ಕೀಳ್ತೀಯಲ್ಲ, ನಿನ್ನ ಹೊಟ್ಟೆಗೆ ಅನ್ನ ಹೆಂಗೋ ಇಳಿಯತ್ತೆ? ಹಗ್ಗ ಪೇರಿಸಿ ಒಂದ್ಸಲ ಕೊಂದೆ, ಸಾಲ್ದಾ?"

ಓಣಿಯಲ್ಲಿ ಹೋಗುವವರು ನಿಂತು ನೋಡಿದರು. ಎದುರಿನ ಐಸ್ ಡಿಪೋದವನು ಹೊರಗೆ ಬಂದ. ನನಗೆ ಮಾನ ಮರ್ಯಾದೆ ಯಾವುದೂ ನೆನಪಿರಲಿಲ್ಲ. ಮೈದುನ ಸ್ಕೂಟರನ್ನು ಸ್ಟಾಂಡ್ ಹಾಕಿ, ಕೈಯಲ್ಲಿ ಬೀಗದ ಕೈ ಹಿಡಿದುಕೊಂಡು ಹಾಗೇ ನಿಂತ.

"ನಿಮ್ಮ ಲೈನ್ ನಾನು ಎಲ್ಲಿ ಕೀಳ್ಲಿ ಅತ್ತಿಗೆ. ನಿಮ್ದು ನಿಮ್ಮ ಮನೇಲಿದೆ, ನಂದು ನನ್ನ ಅಂಗಡೀಲಿದೆ. ನಾನು ಅಪ್ಪ ಮಾಡ್ದಂಗೆ ಮೈನ್ ಆಫ್ ಮಾಡಿ ಬಾಗಿಲು ಹಾಕ್ತೀನಿ, ಅಷ್ಟೇ."

ಇದು ನಮ್ಮ ಮಾವನವರ ಪದ್ಧತಿ. ಅಂಗಡಿ ತುಂಬ ಹಗ್ಗ, ಮೇಣ ಬಳಿದ ಟಾರ್ಪಾಲು. ಒಂದು ಕಿಡಿ ಬಿದ್ದರೆ ಮುಗಿಯಿತು. ಅದಕ್ಕೆ ಅವರು ಗಳಿಗೆ ಹೊತ್ತು ಹೊರಗೆ ಹೋದರೂ ಕರೆಂಟಿನ ಮೈನ್ ಸ್ವಿಚ್ಚು ಇಳಿಸಿ, ಶಟರ್ ಎಳೆದು, ಹೊಸ್ತಿಲು ಮುಟ್ಟಿ ಹಣೆಗೊತ್ತಿಕೊಂಡೇ ಹೋಗುವವರು. ಮಗನೂ ಅದನ್ನೇ ಮಾಡುತ್ತಿದ್ದ. ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಸೊಸೆಯಾಗಿ ಬಂದಾಗಿನಿಂದ ನೋಡಿದ್ದೆ. ಆದರೆ ಕೆಳಗಿನ ಸ್ವಿಚ್ಚಿಗೂ ಮೇಲಿನ ಕಂಪ್ಯೂಟರಿಗೂ ಏನು ಸಂಬಂಧ?

"ಹಾಗಾದ್ರೆ ಮೈನ್ ಹಾಕು. ನೋಡೇಬಿಡೋಣ," ಅಂದೆ.

ಅವನು ಶಟರ್ ಎತ್ತಿ ಮೈನ್ ಹಾಕಿದ. ಇಬ್ಬರೂ ಮೇಲೆ ಬಂದೆವು. ಭಾಗವಾದ ಮೇಲೆ ಅವನು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಇವರು ಅವನನ್ನು ನೋಡಿದರು. ಅವನು ಬಾಗಿಲಲ್ಲೇ ಗೋಡೆಗೊರಗಿ ನಿಂತ. ಸ್ವಲ್ಪ ಹೊತ್ತು ಕಾದೆವು. ಕಂಪ್ಯೂಟರಿನಲ್ಲಿ ತಾನಾಗಿಯೇ ನೆಟ್ ಬಂತು. ನಾನು ಯಾವ ಗುಂಡಿಯನ್ನೂ ಒತ್ತಿರಲಿಲ್ಲ.

ಇವರು ಮತ್ತೆ ಎಡಗೈ ಚಾಚಿ, ಮೊದಲು ಗೋಡೆಯ ನೀಲಿ ವೈರು ತೋರಿಸಿದರು, ಆಮೇಲೆ ಅಟ್ಟ, ಆಮೇಲೆ ನೆಲ. ಅಯ್ಯೋ ಶಿವನೇ, ನಾನು ಇವರನ್ನು ಬಚ್ಚಲಿಗೆ ಕರೆದುಕೊಂಡು ಹೋಗಿದ್ದೆನಲ್ಲ. ಮೈದುನ ಕುರ್ಚಿ ಹತ್ತಿ ಅಟ್ಟ ನೋಡಿದ. ಮಿನುಗುವ ಪೆಟ್ಟಿಗೆಯಿಂದ ಇನ್ನೊಂದು ವೈರು ಹೊರಟು, ಮಳೆನೀರಿನ ಪೈಪಿನ ಪಕ್ಕದ ತೂತಿನಿಂದ ಕೆಳಗಿಳಿದು, ನೇರ ಅಂಗಡಿಗೆ ಹೋಗಿತ್ತು. ಮನೆ ಒಂದೇ ಆಗಿದ್ದ ಕಾಲದಲ್ಲಿ ಅಂಗಡಿಯಲ್ಲಿ ಒಂದೇ ಲೈನು ಇತ್ತು, ಇವರು ಅದನ್ನೇ ಮೇಲಕ್ಕೆ ಎಳೆದಿದ್ದರು. ಭಾಗವಾದ ಮೇಲೆ ಮಹಡಿಗೆ ಬೇರೆ ಲೈನು, ವೈಫೈ ಬಂತು. ಹಂಡೆ, ಕೊಳಗ ಹಂಚಿದ ಹಿರಿಯರ ಕಣ್ಣಿಗೆ ಈ ವೈರು ಬಿದ್ದಿರಲಿಲ್ಲ.

ಆಮೇಲೆ ಮಗಳು ಫೋನಿನಲ್ಲಿ ಬಿಡಿಸಿ ಹೇಳಿದಳು. ಕಂಪ್ಯೂಟರಿಗೆ ಹೊರಗೆ ಹೋಗಲು ಎರಡು ದಾರಿ ಇದ್ದವಂತೆ, ನಮ್ಮ ವೈಫೈ ಒಂದು, ಈ ವೈರು ಇನ್ನೊಂದು. ಎರಡೂ ಇದ್ದರೆ ಅದು ವೈರಿನ ದಾರಿಯನ್ನೇ ಹಿಡಿಯುತ್ತದಂತೆ. ಕೆಳಗೆ ಕರೆಂಟು ಹೋದರೂ ನಡುವೆ ಅಟ್ಟದ ಪೆಟ್ಟಿಗೆಗೆ ನಮ್ಮ ಮನೆಯ ಕರೆಂಟಿದೆ, ಅದರ ದೀಪ ಉರಿಯುತ್ತದೆ, ಹಾಗಾಗಿ ವೈರು ಬದುಕಿದೆ ಅಂತಲೇ ಅಂದುಕೊಂಡು ಕಂಪ್ಯೂಟರ್ ಅದನ್ನೇ ಹಿಡಿದು ಕೂತಿರುತ್ತದಂತೆ. ಪಕ್ಕದಲ್ಲೇ ವೈಫೈ ಇದ್ದರೂ ತಿರುಗಿ ನೋಡುವುದಿಲ್ಲ. ಫೋನಿಗೆ ವೈರಿಲ್ಲ, ಅದಕ್ಕೆ ಅದು ನಡೆಯುತ್ತಿತ್ತು. ನಾನು ಹೊಸ ಡಬ್ಬ ತಂದೆ, ಮಣೆ ತಂದೆ, ಬೀರು ಸರಿಸಿದೆ. ಒಂದು ವೈರು ಕಿತ್ತು ನೋಡುವ ಬುದ್ಧಿ ಬರಲಿಲ್ಲ.

"ಮತ್ತೆ ಈ ವೈರು ಯಾಕಿಟ್ಟಿದ್ರು?" ಅಂತ ನಾನು ಮೈದುನನನ್ನೇ ಕೇಳಿದೆ. ಬೇರೆ ಲೈನು ಬಂದ ಮೇಲೆ ಇದರ ಅಗತ್ಯವೇ ಇರಲಿಲ್ಲವಲ್ಲ.

ಅವನು ಕುರ್ಚಿಯ ಮೇಲೆಯೇ ನಿಂತಿದ್ದ. "ಅಂಗಡೀಲಿ ಕ್ಯಾಮೆರಾ ಇದೆಯಲ್ಲ ಅತ್ತಿಗೆ, ಅಣ್ಣಾನೇ ಹಾಕಿದ್ದು. ಈ ವೈರಿದ್ರೆ ಅದು ಇಲ್ಲಿ ಕಾಣತ್ತೆ. ಅಣ್ಣ ಮೇಲಿಂದ ನೋಡ್ತಾನೆ ಅಂತ ನಂಗೆ ಗೊತ್ತಿತ್ತು. ಕೀಳಬಹುದಾಗಿತ್ತು. ನೋಡ್ಲಿ ಅಂತ ಬಿಟ್ಟೆ. ಮಾತಾಡದಿದ್ರೂ ನೋಡ್ತಾನಲ್ಲ ಅಂತ."

ಇವರು ತಲೆ ತಗ್ಗಿಸಿದರು. ಲಕ್ವ ಹೊಡೆಯುವ ಮೊದಲು ಸಂಜೆ ಹೊತ್ತು ಇವರು ಕಂಪ್ಯೂಟರಿನ ಮುಂದೆ ಕೂತು ಅದೇನು ನೋಡುತ್ತಿದ್ದರು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಮೈದುನ ಇಳಿದು ಬಂದು ಮೇಜಿನ ಹಿಂದೆ ಕೈ ಹಾಕಿದ. ಇವರು "ಬೇಡ" ಅಂದರು. ಅವನು ನನ್ನನ್ನು ನೋಡಿದ. ನಾನು ಕಲ್ಲು ಮನಸ್ಸು ಮಾಡಿ, ಕೀಳು ಅಂದೆ. "ಬೇಡ, ಬೇಡ" ಅಂತ ಇವರು ಅವನ ಮಣಿಕಟ್ಟು ಹಿಡಿದರು.

"ನಾನೇ ಬತ್ತೀನಲ್ಲಣ್ಣ ಇನ್ಮೇಲೆ," ಅಂದ ಅವನು, "ಕ್ಯಾಮೆರಾ ಯಾಕೆ?" ಅಂದು, ಇವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ವೈರು ಕಿತ್ತ.

ಶುಕ್ರವಾರದ ಪಾಠಕ್ಕೆ ಅವನು ಊಟಕ್ಕೆ ಹೋಗದೆ ಮೇಲೆ ಬಂದು ಹಿಂದೆ ಕುರ್ಚಿ ಹಾಕಿಕೊಂಡು ಕೂತ. ಮೈನ್ ಇಳಿಸಿ, ಶಟರ್ ಎಳೆದೇ ಬಂದಿದ್ದ. ಲೈನು ಅಲ್ಲಾಡಲಿಲ್ಲ. ಅಷ್ಟು ತಿಳಿಯಾದ ಚಿತ್ರವನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ. ಹುಡುಗಿಯ ಹಿಂದೆ ಗೋಡೆಯ ಮೇಲೆ ಫ್ಯಾನಿನ ನೆರಳು ತಿರುಗುವುದೂ ಕಾಣುತ್ತಿತ್ತು. ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಇನ್ನು ಮಾತು ಬಂದಂತೆಯೇ ಅಂದುಕೊಂಡೆ.

ಹುಡುಗಿ ಬಾಳೆಹಣ್ಣಿನ ಚಿತ್ರ ಎತ್ತಿ ಹಿಡಿದಳು. "ಸರ್, ಇದೇನು?"

ಇವರು ನೋಡಿದರು. ಬಾಯಿ ಅಲ್ಲಾಡಲಿಲ್ಲ, ಕಣ್ಣು ಚಿತ್ರದ ಮೇಲೆ ನೆಟ್ಟಿತ್ತು. ಹುಡುಗಿ ಕಾದಳು, ಮುಂದಕ್ಕೆ ಬಾಗಿದಳು.

"ಮೇಡಂ, ಲೈನ್ ಹೋಯ್ತಾ? ಸರ್ ಫ್ರೀಜ್ ಆಗ್ಬಿಟ್ರು."

ನಾನು ಪರದೆ ನೋಡಿದೆ. ನೆರಳು ತಿರುಗುತ್ತಿತ್ತು, ಹುಡುಗಿಯ ಕಿವಿಯ ಓಲೆ ಅಲ್ಲಾಡುತ್ತಿತ್ತು. ಮೂಲೆಯ ಚಿಕ್ಕ ಚೌಕದಲ್ಲಿ ಇವರ ರೆಪ್ಪೆ ಬಡಿಯುತ್ತಿತ್ತು.

"ಇಲ್ಲಮ್ಮ," ಅಂದೆ. "ಲೈನ್ ಚೆನ್ನಾಗಿದೆ."

"ಹಾಗಾದ್ರೆ ಮುಂಚೆ ಎಲ್ಲ ಸಲಾನೂ, ನಾನು ಫ್ರೀಜ್ ಆಯ್ತು ಅಂತ ಕಟ್ ಮಾಡ್ಸಿದ್ದು..." ಅಂದು ಅಲ್ಲಿಗೇ ನಿಲ್ಲಿಸಿದಳು. ನನಗೂ ಅರ್ಥವಾಯಿತು. ಅದರಲ್ಲಿ ಎಷ್ಟು ಸಲ ಲೈನು ನಿಂತಿತ್ತು, ಎಷ್ಟು ಸಲ ಇವರೇ ನಿಂತಿದ್ದರು ಅನ್ನುವುದು ಆ ಭಗವಂತನಿಗೇ ಗೊತ್ತು. ಇಷ್ಟು ವಾರ ಬೈಯಲು ನನಗೊಂದು ಡಬ್ಬ ಇತ್ತು, ಒಬ್ಬ ರಿಪೇರಿಯವನಿದ್ದ, ಒಬ್ಬ ಮೈದುನನಿದ್ದ. ಈಗ ಎಲ್ಲವೂ ಸರಿಯಾಗಿತ್ತು. ಸರಿಯಾದ ಲೈನಿನಲ್ಲಿ, ಬಾಳೆಹಣ್ಣು ನೋಡಿ ಬಾಳೆಹಣ್ಣು ಅನ್ನಲಾರದೆ ನನ್ನ ಗಂಡ ಕೂತಿದ್ದರು. ನನಗೆ ಅಷ್ಟು ಭಯ ಆಸ್ಪತ್ರೆಯಲ್ಲೂ ಆಗಿರಲಿಲ್ಲ.

ಅಲ್ಲಿ ಕೂರಲಾಗಲಿಲ್ಲ. ಎದ್ದೆ. ಡಬ್ಬ ಆರಿಸಿ ಮತ್ತೆ ಹಾಕೋಣ ಅಂತಲೋ ಏನೋ, ಬೇರೇನು ಮಾಡುವುದು ನನಗೆ ತಿಳಿಯಲಿಲ್ಲ. ಕೈ ಸ್ವಿಚ್ಚಿನ ಕಡೆ ಹೋಗುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಸೆರಗು ಜಗ್ಗಿತು. ಎಡಗೈಯಲ್ಲಿ ಸೆರಗು ಬಿಗಿಯಾಗಿ ಹಿಡಿದಿದ್ದರು. ತುಟಿ ಒಂದು ಕಡೆಗೆ ಎಳೆದುಕೊಂಡಿತ್ತು, ಹಣೆಯ ನರ ಉಬ್ಬಿತ್ತು, ನಾಲಿಗೆ ಹಲ್ಲಿಗೆ ತಾಗಿ ತಾಗಿ ಜಾರುತ್ತಿತ್ತು.

"ತಡಿ," ಅಂದರು.

ನಾನು ಕೂತೆ. ಮೈಸೂರಿನ ಹುಡುಗಿ ಚಿತ್ರ ಹಿಡಿದ ಕೈಯನ್ನು ಇಳಿಸಲಿಲ್ಲ.